ಸೋತೂ ಗೆದ್ದ ಶಾಸಕ: ಶಾಂತವೇರಿ ಗೋಪಾಲಗೌಡರು

ನಮ್ಮ ಶಾಲೆಗೆ 50 ವರ್ಷ ತುಂಬಿದ ಈ ಸಂದರ್ಭದಲ್ಲಿ ಹಲವರು ತಮ್ಮ ಗುರುಗಳನ್ನು, ಸಹಪಾಠಿಗಳನ್ನು ನೆನೆದು ಬರೆಯುತ್ತಾರೆ. ನಾನು ಈ ಶಾಲೆಯ ಮೆಟ್ಟಿಲು ಹತ್ತದ ಒಬ್ಬರ ಬಗ್ಗೆ ಬರೆಯಲು ಹೊರಟಿದ್ದೇನೆ. ಶಾಲೆ ಆರಂಭವಾಗುವ ಹೊತ್ತಿಗೆ ಅವರು ತೀರಿಕೊಂಡಿದ್ದರು. ಆದರೂ ಮಲೆನಾಡಿನ ನಮ್ಮ ಅನೇಕ ಮನೆಗಳ ಪಹಣಿಯಲ್ಲಿ ಅಜ್ಜನ ಹೆಸರು ಬಂದುದರ ಹಿಂದೆ ಅವರ ಹೋರಾಟವೂ ಇದೆ. ಅವರೇ ಶಾಂತವೇರಿ ಗೋಪಾಲಗೌಡರು.

ಗೌಡರು ಹುಟ್ಟಿದ್ದು 1923ರ ಮಾರ್ಚ್ 14ರಂದು, ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ. ಸ್ಥಿತಿವಂತರ ಮನೆತನವಲ್ಲ. 1942ರ ಚಲೇಜಾವ್ ಚಳವಳಿ ಬಂದಾಗ ಓದು ಬದಿಗಿಟ್ಟು ಬೀದಿಗಿಳಿದರು, ಜೈಲು ಕಂಡರು. ಸ್ವಾತಂತ್ರ್ಯ ಬಂದ ಮೇಲೆ ಅನೇಕರು ಕಾಂಗ್ರೆಸ್ಸಿನಲ್ಲಿ ನೆಲೆ ಕಂಡುಕೊಂಡರೆ, ಗೌಡರು ರಾಮಮನೋಹರ ಲೋಹಿಯಾ ಅವರ ಸಮಾಜವಾದದ ದಾರಿ ಹಿಡಿದರು. ಆ ದಾರಿಯಲ್ಲಿ ಅಧಿಕಾರ ಹತ್ತಿರದಲ್ಲೆಲ್ಲೂ ಇರಲಿಲ್ಲ.

ಅವರನ್ನು ನಾಡಿಗೆ ಪರಿಚಯಿಸಿದ್ದು ಸಾಗರ ತಾಲ್ಲೂಕಿನ ಕಾಗೋಡು ಸತ್ಯಾಗ್ರಹ. ಆಗ ಉಳುವವನೊಬ್ಬ, ಭೂಮಿಯ ಒಡೆಯನೊಬ್ಬ. ಗೇಣಿ ಭತ್ತ ಅಳೆಯುವ ಕೊಳಗದ ಅಳತೆಯಲ್ಲೇ ರೈತನಿಗೆ ಮೋಸವಾಗುತ್ತಿತ್ತು. ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಸಂಘಟಿಸಿದರು. 1951ರ ಏಪ್ರಿಲ್‌ನಲ್ಲಿ, ಬಿಡಿಸಿಕೊಂಡ ಗದ್ದೆಗೇ ಇಳಿದು ಉಳುವುದನ್ನು ರೈತರು ಸತ್ಯಾಗ್ರಹವನ್ನಾಗಿ ಮಾಡಿಕೊಂಡರು. ಗದ್ದೆಗೆ ಇಳಿದವರನ್ನು ಪೊಲೀಸರು ಹಿಡಿದೊಯ್ದರು. ಗೋಪಾಲಗೌಡರು ಇದರ ಮುಂಚೂಣಿಯಲ್ಲಿ ನಿಂತರು. ಲೋಹಿಯಾ ಅವರೂ ಸಾಗರಕ್ಕೆ ಬಂದು ಬಂಧನಕ್ಕೊಳಗಾದರು.

ಮರುವರ್ಷವೇ ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆ. ಸಾಗರ-ಹೊಸನಗರ ಕ್ಷೇತ್ರದಿಂದ ಗೌಡರು ಮೈಸೂರು ವಿಧಾನಸಭೆಗೆ ಆರಿಸಿ ಬಂದರು. ಆಗ ಅವರಿಗೆ 29 ವರ್ಷ. ನಮ್ಮಲ್ಲಿ ಹಲವರು ಆ ವಯಸ್ಸಿಗೆ ಎರಡನೆಯ ಕಂಪನಿಗೆ ಸೇರುವ ಯೋಚನೆಯಲ್ಲಿರುತ್ತೇವೆ.

ಆ ಸಭೆಯ ಚಿತ್ರವನ್ನು ಇಂದಿನ ಮಕ್ಕಳಿಗೆ ಸ್ವಲ್ಪ ಹೇಳಬೇಕು. ಆಗ ವಿಧಾನಸೌಧ ಇನ್ನೂ ಕಟ್ಟಿ ಮುಗಿದಿರಲಿಲ್ಲ. ಹೊಸ ವಿಧಾನಸಭೆ 1952ರ ಜೂನ್ 18ರಂದು ಬೆಳಿಗ್ಗೆ 11 ಗಂಟೆಗೆ, ಇಂದು ಹೈಕೋರ್ಟ್ ಇರುವ ಅಠಾರಾ ಕಚೇರಿಯ ಸಭಾಂಗಣದಲ್ಲಿ ಮೊದಲ ಬಾರಿ ಸೇರಿತು. ಚುನಾಯಿತರಾದವರು 99 ಮಂದಿ, ಜೊತೆಗೆ ನಾಮಕರಣಗೊಂಡ ಒಬ್ಬ ಸದಸ್ಯರು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು. ಸದಸ್ಯರ ಪ್ರಮಾಣವಚನ ಮುಗಿದು ಸಭಾಧ್ಯಕ್ಷರ ಚುನಾವಣೆ ಬಂದಾಗ ಆಡಳಿತ ಪಕ್ಷದ ಕಡೆಯಿಂದ ಎಚ್. ಸಿದ್ದಯ್ಯನವರು ನಿಂತರು. ಅವರಿಗೆ ಎದುರಾಗಿ ನಿಂತವರು ಗೋಪಾಲಗೌಡರು. ಸಿದ್ದಯ್ಯನವರು 74 ಮತ ಪಡೆದು ಗೆದ್ದರು. ಸೋಲು ಮೊದಲೇ ಗೊತ್ತಿದ್ದ ಸ್ಪರ್ಧೆ ಅದು. ಆದರೆ ಎದುರಿಗೊಬ್ಬರು ನಿಲ್ಲದಿದ್ದರೆ ಅದು ಚುನಾವಣೆ ಆಗುತ್ತಿರಲಿಲ್ಲ. ಗೌಡರ ಶಾಸಕ ಜೀವನ ಹೀಗೆ ಒಂದು ಸೋಲಿನಿಂದಲೇ ಶುರುವಾಯಿತು.

ಮುಂದೆ 1953ರಲ್ಲಿ ಬಳ್ಳಾರಿಯ ಭಾಗ ಸೇರಿದಾಗ ಸಭೆಗೆ ಐವರು ಸದಸ್ಯರು ಹೆಚ್ಚಿದರು. 1956ರ ನವೆಂಬರ್ 1ರಂದು ಮುಂಬಯಿ, ಹೈದರಾಬಾದ್, ಮದ್ರಾಸ್ ಪ್ರಾಂತಗಳಲ್ಲಿ ಹಂಚಿಹೋಗಿದ್ದ ಕನ್ನಡ ಜಿಲ್ಲೆಗಳೂ ಕೊಡಗೂ ಒಂದಾದವು. ಹಳೆ ಮೈಸೂರಿನ ಅನೇಕ ಪ್ರಮುಖರಿಗೆ ಈ ಏಕೀಕರಣ ಹಿಡಿಸಿರಲಿಲ್ಲ. ಗೌಡರು ಮಾತ್ರ ಕನ್ನಡಿಗರೆಲ್ಲ ಒಂದೇ ರಾಜ್ಯದಲ್ಲಿರಬೇಕೆಂದು ಗಟ್ಟಿಯಾಗಿ ನಿಂತರು. ವಿಶಾಲ ರಾಜ್ಯದ ಸಭೆ 1956ರ ಡಿಸೆಂಬರ್ 19ರಂದು ಹೊಸ ವಿಧಾನಸೌಧದಲ್ಲಿ ಮೊದಲ ಬಾರಿ ಸೇರಿತು. 1957ರ ಚುನಾವಣೆಗೆ ಸದಸ್ಯರ ಸಂಖ್ಯೆ 208 ಆಯಿತು, 1967ಕ್ಕೆ 216. ಇಂದು 224.

1957ರಲ್ಲಿ ಗೌಡರು ಸೋತರು. 1962ರಲ್ಲಿ, ಮತ್ತೆ 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಮೂರು ಸಲ ಶಾಸಕರಾದರೂ ಒಮ್ಮೆಯೂ ಮಂತ್ರಿಯಾಗಲಿಲ್ಲ, ಆಳುವ ಪಕ್ಷದ ಕಡೆ ಕೂರಲಿಲ್ಲ. ಹಾಗಾದರೆ ಅಷ್ಟು ವರ್ಷ ಅಲ್ಲಿ ಅವರು ಮಾಡಿದ್ದೇನು? ಅಧಿವೇಶನದಲ್ಲಿ ವಿರೋಧ ಪಕ್ಷದ ಸದಸ್ಯನ ಕೈಯಲ್ಲಿ ಇರುವುದು ಮಾತು ಮಾತ್ರ. ಪ್ರಶ್ನೋತ್ತರ ವೇಳೆಯಲ್ಲಿ ಮಂತ್ರಿಗಳನ್ನು ಪ್ರಶ್ನಿಸಬಹುದು, ನಿಲುವಳಿ ಸೂಚನೆ ತರಬಹುದು, ಬಜೆಟ್ ಮೇಲೆ, ರಾಜ್ಯಪಾಲರ ಭಾಷಣದ ಮೇಲೆ ಮಾತನಾಡಬಹುದು. ಮತಕ್ಕೆ ಹಾಕಿದರೆ ಸೋಲು ಖಂಡಿತ. ಗೌಡರು ಆ ಮಾತನ್ನೇ ಆಯುಧ ಮಾಡಿಕೊಂಡರು. ಉಳುವವನಿಗೆ ಭೂಮಿ ಸಿಗಬೇಕು, ಆಡಳಿತ ಕನ್ನಡದಲ್ಲಿ ನಡೆಯಬೇಕು, ರಾಜ್ಯದ ಹೆಸರು ಕರ್ನಾಟಕವಾಗಬೇಕು ಎಂದು ಪಟ್ಟು ಹಿಡಿದರು. ಅವರು ಮೆತ್ತಗಿನ ಮನುಷ್ಯರಲ್ಲ. ಅವರ ಸಿಟ್ಟಿಗೂ ಸದನದಲ್ಲಿ ಹೆಸರಿತ್ತು. ಆದರೆ ಆ ಸಿಟ್ಟು ತಮಗಾಗಿ ಬಂದುದಲ್ಲ ಎಂಬುದು ಎದುರಾಳಿಗಳಿಗೂ ಗೊತ್ತಿತ್ತು.

ನಾನು ಸಾಫ್ಟ್‌ವೇರ್ ಇಂಜಿನಿಯರ್. ನಮ್ಮಲ್ಲಿ ಪ್ರೋಗ್ರಾಂ ಬರೆಯುವವರೊಬ್ಬರು, ಅದನ್ನು ಪರೀಕ್ಷಿಸುವ ಟೆಸ್ಟರ್ ಇನ್ನೊಬ್ಬರು. ಟೆಸ್ಟರ್ ಒಂದು ಸಾಲನ್ನೂ ಬರೆಯದಿರಬಹುದು. ಆದರೆ ಎಲ್ಲಿ ತೂತಿದೆ ಎಂದು ಅವನು ತೋರಿಸದಿದ್ದರೆ ಪ್ರೋಗ್ರಾಂ ಜನರ ಕೈಯಲ್ಲಿ ಕೆಟ್ಟು ನಿಲ್ಲುತ್ತದೆ. ಕಾನೂನಿಗೂ ಹೀಗೆಯೇ. 1961ರ ಭೂಸುಧಾರಣಾ ಕಾಯ್ದೆಯನ್ನೇ ನೋಡಿ. ಸ್ವಂತ ಸಾಗುವಳಿ ಮಾಡುತ್ತೇನೆಂದು ಹೇಳಿ ಗೇಣಿದಾರನಿಂದ ಜಮೀನು ವಾಪಸು ಪಡೆಯಲು ಒಡೆಯರಿಗೆ ಅದರಲ್ಲಿ ದಾರಿ ಉಳಿದಿತ್ತು. ಕಾಯ್ದೆ ಇದ್ದೂ ಉಳುವವನಿಗೆ ಭದ್ರತೆ ಇರಲಿಲ್ಲ. ಗೌಡರು ಮತ್ತು ಅವರ ಸಂಗಾತಿಗಳು ಬಿಡದೆ ಹೇಳುತ್ತಿದ್ದುದು ಈ ಅಭದ್ರತೆಯನ್ನೇ.

ಕೊನೆಯ ವರ್ಷಗಳಲ್ಲಿ ಆರೋಗ್ಯ ಕೈಕೊಟ್ಟಿತು. 1972ರ ಜೂನ್ 9ರಂದು ಗೌಡರು ತೀರಿಕೊಂಡರು. ವಯಸ್ಸು 49. ಯು.ಆರ್. ಅನಂತಮೂರ್ತಿಯವರ ಅವಸ್ಥೆ ಕಾದಂಬರಿಯ ನಾಯಕನಿಗೆ ಅವರ ಬದುಕೇ ಸ್ಫೂರ್ತಿ.

ಅವರು ಕೇಳಿದ್ದು ಆಮೇಲೆ ಬಂತು. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿಯಿಂದ 1974ರ ಮಾರ್ಚ್ 1ಕ್ಕೆ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿ, ಉಳುವವನು ಅರ್ಜಿ ಹಾಕಿ ಪಡೆಯುವಂತಾಯಿತು. ತಾಲ್ಲೂಕಿನ ಭೂನ್ಯಾಯಮಂಡಳಿಯ ಮುಂದೆ ವಕೀಲರಿಗೆ ಅವಕಾಶವಿರಲಿಲ್ಲ. ರೈತ ತಾನೇ ನಿಂತು ಹೇಳಬೇಕಿತ್ತು. ನಮ್ಮ ಕಡೆ ಹಿರಿಯರು ಡಿಕ್ಲರೇಷನ್ ಹಾಕಿದ್ದು ಎಂದು ಈಗಲೂ ಹೇಳುವುದು ಇದನ್ನೇ. ನನ್ನ ಅಜ್ಜನೂ ಹಾಕಿದರು. ಓದು ಬಾರದ ಅವರು ಮಂಡಳಿಯ ಮುಂದೆ ಗದ್ದೆಯ ನಾಲ್ಕು ಗಡಿಗಳನ್ನು ಬಾಯಲ್ಲೇ ಹೇಳಿದರಂತೆ. ಎರಡು ಎಕರೆ ಗದ್ದೆ ನಮ್ಮದಾಯಿತು. ಗೇಣಿಗೆ ಹೋಗುತ್ತಿದ್ದ ಭತ್ತ ಮನೆಯಲ್ಲಿ ಉಳಿಯಿತು. ನನ್ನ ಅಪ್ಪ ದನ ಕಾಯುವುದು ಬಿಟ್ಟು ಈ ಶಾಲೆಗೆ ಬಂದರು. ನಾನು ಬಿ.ಇ. ಓದಿದ್ದು ಆ ಗದ್ದೆಯ ಮೇಲೆ ತಂದ ಸಾಲದಿಂದ. ಈ ಸಂಚಿಕೆ ಓದುತ್ತಿರುವ ಎಷ್ಟೋ ಮನೆಗಳ ಕಥೆಯೂ ಹೀಗೆಯೇ ಇರಬಹುದು.

ಈಗ ಕಾಲ ಬದಲಾಗಿದೆ. 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಬೆಂಗಳೂರಿನಲ್ಲಿ ನನ್ನ ಜೊತೆ ಕೆಲಸ ಮಾಡುವವರೇ ಮಲೆನಾಡಿನಲ್ಲಿ ಎಕರೆಗೆಷ್ಟು ಎಂದು ನನ್ನನ್ನು ವಿಚಾರಿಸುತ್ತಾರೆ. ಇತ್ತ ನಮ್ಮೂರಿನ ಗದ್ದೆಗಳಿಗೆ ಆಳು ಸಿಗುತ್ತಿಲ್ಲ, ಮಕ್ಕಳು ಊರಲ್ಲಿ ನಿಲ್ಲುತ್ತಿಲ್ಲ. ಮಾರುವವರನ್ನು ನಾನು ದೂರುವುದಿಲ್ಲ. ಅವರವರ ಕಷ್ಟ ಅವರಿಗೆ. ಆದರೆ ಸಹಿ ಹಾಕುವ ಮುನ್ನ, ಆ ಪಹಣಿಯಲ್ಲಿ ಅಜ್ಜನ ಹೆಸರು ಬರಲು ಎಷ್ಟು ಜನ ಜೈಲಿಗೆ ಹೋಗಿದ್ದರು ಎಂಬುದನ್ನು ಮನೆಯವರೆಲ್ಲ ಕೂತು ಒಮ್ಮೆ ಮಾತನಾಡಿದರೆ ಒಳ್ಳೆಯದು.

ಕೊನೆಯದಾಗಿ ಶಿಕ್ಷಕರಲ್ಲಿ ಒಂದು ವಿನಂತಿ. ನಮ್ಮ ಶಾಲಾ ಸಂಸತ್ತಿನಲ್ಲಿ ಪ್ರಧಾನಿ, ಆರೋಗ್ಯ ಮಂತ್ರಿ, ಕ್ರೀಡಾ ಮಂತ್ರಿ ಎಲ್ಲರನ್ನೂ ಆರಿಸುತ್ತೀರಿ. ಈ ವರ್ಷದಿಂದ ನಾಲ್ಕು ಚುರುಕಾದ ಮಕ್ಕಳನ್ನು ಎದುರಿನ ಬೆಂಚಿನಲ್ಲೂ ಕೂರಿಸಿ. ಕುಡಿಯುವ ನೀರಿನ ಟ್ಯಾಂಕ್ ತೊಳೆದು ಎಷ್ಟು ದಿನವಾಯಿತು ಎಂದು ಅವರು ಕೇಳಲಿ, ಮಂತ್ರಿಗಳು ಎದ್ದು ನಿಂತು ಉತ್ತರ ಕೊಡಲಿ.