ಬೆಂಗಳೂರು ನಾಗರತ್ನಮ್ಮ

ತಮಿಳುನಾಡಿನ ತಿರುವೈಯಾರಿನಲ್ಲಿ, ಕಾವೇರಿಯ ದಡದ ಮೇಲೆ, ವಾಗ್ಗೇಯಕಾರ ತ್ಯಾಗರಾಜರ ಸಮಾಧಿಮಂದಿರವಿದೆ. ಪ್ರತಿವರ್ಷ ಪುಷ್ಯ ಬಹುಳ ಪಂಚಮಿಯಂದು ನೂರಾರು ಗಾಯಕ ಗಾಯಕಿಯರು ಅಲ್ಲಿ ಒಟ್ಟಾಗಿ ಕುಳಿತು ಪಂಚರತ್ನ ಕೃತಿಗಳನ್ನು ಹಾಡುತ್ತಾರೆ. ಈ ಮಂದಿರವನ್ನು ಕಟ್ಟಿಸಿದವರು ಕನ್ನಡನಾಡಿನ ಒಬ್ಬ ಮಹಿಳೆ. ಅವರೇ ವಿದ್ಯಾಸುಂದರಿ ಬೆಂಗಳೂರು ನಾಗರತ್ನಮ್ಮನವರು.

ನಾಗರತ್ನಮ್ಮನವರು 1878ರಲ್ಲಿ ನಂಜನಗೂಡಿನಲ್ಲಿ ಜನಿಸಿದರು. ತಾಯಿ ಪುಟ್ಟಲಕ್ಷ್ಮಿ. ಅವರದು ದೇವದಾಸಿ ಮನೆತನ. ದೇವಾಲಯಗಳಲ್ಲಿಯೂ ಅರಮನೆಗಳಲ್ಲಿಯೂ ಸಂಗೀತ ನೃತ್ಯಗಳನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದ ಕುಲವದು. ಸಮಾಜವು ಅವರ ಕಲೆಯನ್ನು ಬಯಸಿತು. ಕಲಾವಿದೆಯರಿಗೆ ಗೌರವ ಸಲ್ಲಿಸಲು ಮಾತ್ರ ಹಿಂಜರಿಯಿತು. ಮಗಳು ವಿದುಷಿಯಾಗಬೇಕೆಂಬುದು ತಾಯಿಯ ಛಲವಾಗಿತ್ತು. ಮೈಸೂರಿನಲ್ಲಿ ಗಿರಿಭಟ್ಟ ತಿಮ್ಮಯ್ಯನವರಲ್ಲಿ ಸಂಸ್ಕೃತ ಹಾಗೂ ಸಂಗೀತದ ಅಭ್ಯಾಸ ಮೊದಲಾಯಿತು. ಆ ಆಶ್ರಯ ತಪ್ಪಿದಾಗ ತಾಯಿ ಮಗಳು ಬೆಂಗಳೂರಿಗೆ ಬಂದರು. ಇಲ್ಲಿ ಗುರುಗಳಾಗಿ ದೊರೆತವರು ಮುನಿಸ್ವಾಮಪ್ಪನವರು. ಅವರು ತ್ಯಾಗರಾಜರ ಶಿಷ್ಯಪರಂಪರೆಗೆ ಸೇರಿದವರು.

ಹದಿನೈದರ ಎಳೆವಯಸ್ಸಿನಲ್ಲಿಯೇ ನಾಗರತ್ನಮ್ಮನವರು ವಿದ್ವಾಂಸರ ಸಭೆಯಲ್ಲಿ ತಮ್ಮ ಕಲೆಯನ್ನು ಪ್ರದರ್ಶಿಸಿದರು. ಮೈಸೂರು ಸಂಸ್ಥಾನದ ನ್ಯಾಯಾಧೀಶರಾಗಿದ್ದ ನರಹರಿರಾಯರು ಅವರ ಪ್ರತಿಭೆಗೆ ಪೋಷಕರಾದರು. ಬಸವನಗುಡಿಯ ಬಳಿಯ ಹನುಮಂತನಗರದಲ್ಲಿರುವ ನರಹರಿರಾಯರ ಗುಡ್ಡ ಇಂದಿಗೂ ಅವರ ಹೆಸರನ್ನು ಹೊತ್ತು ನಿಂತಿದೆ. ಮುಂದೆ ನಾಗರತ್ನಮ್ಮನವರು ಮದರಾಸಿಗೆ ತೆರಳಿ, ಅಲ್ಲಿ ಅಗ್ರಶ್ರೇಣಿಯ ಗಾಯಕಿಯೆಂದು ಹೆಸರಾದರು. ಆದರೂ ಬೆಂಗಳೂರಿನ ಹೆಸರು ಅವರ ಹೆಸರಿನೊಡನೆ ಉಳಿಯಿತು.

ಅವರು ಗಾಯಕಿ ಮಾತ್ರವಲ್ಲ, ಪಂಡಿತೆಯೂ ಆಗಿದ್ದರು. ಹದಿನೆಂಟನೆಯ ಶತಮಾನದ ತೆಲುಗು ಕವಯಿತ್ರಿ ಮುದ್ದುಪಳನಿಯ ‘ರಾಧಿಕಾ ಸಾಂತ್ವನಮು’ ಕಾವ್ಯ ಅವರ ಕೈಸೇರಿತು. ಹಿಂದಿನ ಮುದ್ರಣದಲ್ಲಿ ಕವಯಿತ್ರಿ ತನ್ನ ಮನೆತನವನ್ನು ಹೇಳಿಕೊಂಡ ಪದ್ಯಗಳನ್ನೇ ಬಿಡಲಾಗಿತ್ತು. ನಾಗರತ್ನಮ್ಮನವರು ಹಸ್ತಪ್ರತಿಯನ್ನು ಪರಿಶೀಲಿಸಿ, 1910ರಲ್ಲಿ ಸಂಪೂರ್ಣ ಕಾವ್ಯವನ್ನು ಪ್ರಕಟಿಸಿದರು. ಅದು ಅಶ್ಲೀಲವೆಂದು ಆಂಗ್ಲ ಸರಕಾರ ಮರುವರ್ಷ ನಿಷೇಧ ಹೇರಿತು. ಆ ನಿಷೇಧ ತೆರವಾಗಲು 1940ರ ದಶಕದವರೆಗೆ ಕಾಯಬೇಕಾಯಿತು.

1921ರಲ್ಲಿ ಗುರು ಮುನಿಸ್ವಾಮಪ್ಪನವರಿಂದ ಒಂದು ಪತ್ರ ಬಂದಿತು. ತ್ಯಾಗರಾಜರ ಸಮಾಧಿ ಪಾಳುಬಿದ್ದಿರುವ ಸಂಗತಿ ಅದರಲ್ಲಿತ್ತು. ನಾಗರತ್ನಮ್ಮನವರ ಮನಸ್ಸು ಮರುಗಿತು. ತಮ್ಮ ಗಳಿಕೆಯನ್ನು ಧಾರೆಯೆರೆದು, ಅದೇ ವರ್ಷ ಮಂದಿರಕ್ಕೆ ಅಸ್ತಿಭಾರ ಹಾಕಿಸಿದರು. 1926ರ ಜನವರಿಯಲ್ಲಿ ತ್ಯಾಗರಾಜರ ವಿಗ್ರಹದ ಪ್ರತಿಷ್ಠೆ ನೆರವೇರಿತು.

ಆದರೆ ವಿಧಿಯ ವೈಚಿತ್ರ್ಯವನ್ನು ನೋಡಿರಿ! ಅಲ್ಲಿನ ಆರಾಧನೆಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ಆರಾಧನೆ ನಡೆಸುತ್ತಿದ್ದ ಪುರುಷರ ಎರಡು ಪಕ್ಷಗಳೂ ಅವರಿಗೆ ಅವಕಾಶ ಕೊಡಲಿಲ್ಲ. ಮಂದಿರವನ್ನು ಕಟ್ಟಿಸಿದವರಿಗೇ ಅಲ್ಲಿ ಹಾಡುವ ಹಕ್ಕಿಲ್ಲವಾಯಿತು. ನಾಗರತ್ನಮ್ಮನವರು ಧೃತಿಗೆಡಲಿಲ್ಲ. ಕಲಾವಿದೆಯರನ್ನು ಒಗ್ಗೂಡಿಸಿ, 1927ರಿಂದ ಮಂದಿರದ ಹಿಂಭಾಗದಲ್ಲಿ ಮಹಿಳೆಯರದೇ ಆರಾಧನೆಯನ್ನು ಆರಂಭಿಸಿದರು. ವರ್ಷದಿಂದ ವರ್ಷಕ್ಕೆ ಅದು ಬೆಳೆಯಿತು. ಕೊನೆಗೆ 1940ರ ದಶಕದ ಆರಂಭದಲ್ಲಿ ಮೂರು ಪಕ್ಷಗಳೂ ಒಂದಾದವು. ಒಂದೇ ವೇದಿಕೆಯಲ್ಲಿ ಸ್ತ್ರೀಪುರುಷರ ಕಂಠಗಳು ಮೊಳಗಿದವು.

ಕಡೆಯ ದಿನಗಳನ್ನು ಅವರು ತಿರುವೈಯಾರಿನಲ್ಲಿಯೇ ಕಳೆದರು. 1949ರಲ್ಲಿ ಬರೆಸಿದ ಮರಣಶಾಸನದಲ್ಲಿ ತಮ್ಮ ಆಸ್ತಿಯನ್ನು ಮಂದಿರದ ಸೇವೆಗೆ ಮೀಸಲಿಟ್ಟರು. ಅಲ್ಲಿ ಸೇವೆ ಸಲ್ಲಿಸಲು ಗಂಡು ಹೆಣ್ಣೆಂಬ ಭೇದವಾಗಲಿ, ಕುಲದ ಭೇದವಾಗಲಿ ಇರಬಾರದೆಂಬುದು ಅವರ ಇಚ್ಛೆಯಾಗಿತ್ತು. 1952ರ ಮೇ 19ರಂದು ಅವರು ಕಾಲವಶರಾದರು.

ತ್ಯಾಗರಾಜರ ಸಮಾಧಿಗೆ ಎದುರಾಗಿ ನಾಗರತ್ನಮ್ಮನವರ ಪ್ರತಿಮೆ ಇಂದು ಕೈಮುಗಿದು ಕುಳಿತಿದೆ. ಅವರು ಕಟ್ಟಿದ್ದು ಕಲ್ಲಿನ ಮಂದಿರವೊಂದನ್ನೇ ಅಲ್ಲ. ಅದರೊಳಗೆ ಎಲ್ಲರಿಗೂ ಸಮನಾದ ಸ್ಥಾನವನ್ನೂ ಕಟ್ಟಿದರು. ಮೊದಲನೆಯದಕ್ಕೆ ಹಣ ಸಾಕಾಯಿತು. ಎರಡನೆಯದಕ್ಕೆ ಒಂದು ಜೀವಮಾನದ ತಾಳ್ಮೆ ಬೇಕಾಯಿತು.