ಕರೆಂಟಿನ ಮೊದಲ ಲಾಭಾಂಶ ಯಾರ ಪಾಲಿಗೆ ಹೋಯ್ತು?

ಕಳೆದ ಬೇಸಿಗೆಯಲ್ಲಿ ಬೇಗೂರಿನ ಮನೆಗೆ ಹೋಗಿದ್ದೆ. ರಾತ್ರಿ ಹನ್ನೊಂದರ ಹೊತ್ತಿಗೆ ದೊಡ್ಡಪ್ಪ ಟಾರ್ಚ್ ಹಿಡ್ಕೊಂಡು ತೋಟಕ್ಕೆ ಹೊರಟರು. ತ್ರೀ ಫೇಸ್ ಕರೆಂಟ್ ಬರೋದು ಆಗಲೇ. ಬಾಳೆಗೆ ನೀರು ಕಟ್ಟಬೇಕು, ದಾರೀಲಿ ಹಂದಿ ಕಾಟ ಬೇರೆ. ನಾನು ಜಗಲಿ ಮೇಲೆ ಕೂತು ಫೋನ್ ನೋಡ್ತಿದ್ದೆ. ನನ್ನ ಜೊತೆ ಎಂಜಿನಿಯರಿಂಗ್ ಓದಿ ಈಗ ಟೊರೊಂಟೊದಲ್ಲಿರುವ ಗೆಳೆಯ ತನ್ನ ಷೇರುಗಳ ಪಟ್ಟಿ ಕಳಿಸಿದ್ದ. ಎನ್‌ಬ್ರಿಡ್ಜ್, ಫೋರ್ಟಿಸ್, ಇನ್ನೊಂದೆರಡು ಗ್ಯಾಸ್ ಮತ್ತು ವಿದ್ಯುತ್ ಕಂಪನಿಗಳು. ಷೇರಿನ ಬೆಲೆ ಏರಲಿ, ಇಳೀಲಿ, ಮೂರು ತಿಂಗಳಿಗೊಮ್ಮೆ ಡಿವಿಡೆಂಡ್ ಖಾತೆಗೆ ಬೀಳುತ್ತೆ ಅನ್ನೋದು ಅವನ ಲೆಕ್ಕ. ಜನ ಸಿನಿಮಾ ಬಿಟ್ಟಾರು, ಹೋಟೆಲ್ ಬಿಟ್ಟಾರು, ಕರೆಂಟ್ ಬಿಲ್ ಕಟ್ಟೋದು ಬಿಡಲ್ಲ.

ಲೆಕ್ಕ ತಪ್ಪೇನಲ್ಲ. ಫೋರ್ಟಿಸ್ 2023ಕ್ಕೆ ಸತತ 50 ವರ್ಷ ಲಾಭಾಂಶ ಏರಿಸಿದ ಕಂಪನಿ. ಅದೇ ವರ್ಷ ಕೆನಡಾದ್ದೇ ಆದ ಆಲ್ಗಾಂಕ್ವಿನ್ ಪವರ್ ಕಂಪನಿ, ಬಡ್ಡಿದರ ಏರಿ ಸಾಲದ ಹೊರೆ ತಾಳಲಾರದೆ ಲಾಭಾಂಶವನ್ನು ಶೇ. 40ರಷ್ಟು ಕತ್ತರಿಸಿತು ಅನ್ನೋದೂ ನಿಜ. ಇಷ್ಟನ್ನು ಅವನಿಗೆ ಬರೆದೆ. ಬರೆಯುತ್ತಾ ಇನ್ನೊಂದು ನೆನಪಾಯ್ತು. ಇದೇ ಲೆಕ್ಕವನ್ನು ಸುಮಾರು 125 ವರ್ಷಗಳ ಹಿಂದೆ ನಮ್ಮಲ್ಲೇ ಒಬ್ಬರು ಹಾಕಿದ್ದರು, ತಮಗಾಗಿ ಅಲ್ಲ, ಒಂದು ಇಡೀ ಸಂಸ್ಥಾನದ ಪರವಾಗಿ. ಅವರೇ ಮೈಸೂರಿನ ದಿವಾನ ಕೆ. ಶೇಷಾದ್ರಿ ಅಯ್ಯರ್. ಶೇಷಾದ್ರಿಪುರಂ ಅನ್ನೋ ಹೆಸರು ಅವರದ್ದು. ಕಬ್ಬನ್ ಪಾರ್ಕಿನ ಕೆಂಪು ಗ್ರಂಥಾಲಯದ ಮುಂದೆ ನಿಂತಿರುವ ಪ್ರತಿಮೆಯೂ ಅವರದ್ದೇ.

ಖಾಲಿ ಖಜಾನೆಯ ದಿವಾನ

ಶೇಷಾದ್ರಿ ಅಯ್ಯರ್ ಹುಟ್ಟಿದ್ದು 1845ರ ಜೂನ್ 1ರಂದು, ಈಗಿನ ಕೇರಳದ ಪಾಲಕ್ಕಾಡ್ ಬಳಿಯ ಕುಮಾರಪುರದಲ್ಲಿ. ತಂದೆ ಚಿಕ್ಕಂದಿನಲ್ಲೇ ತೀರಿಕೊಂಡರು, ಓದಿಸಿದ್ದು ಅಣ್ಣ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಿ.ಎ. ಮುಗಿಸಿ 1868ರಲ್ಲಿ ಮೈಸೂರು ಸೇವೆಗೆ ಬಂದರು. ಕರೆತಂದವರು ರಂಗಾಚಾರ್ಲು. ಆಗ ಮೈಸೂರು ಇನ್ನೂ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು. ಗುಮಾಸ್ತಿಕೆಗೆ ಹತ್ತಿರದ ಶಿರಸ್ತೇದಾರಿಕೆಯಿಂದ ಶುರುಮಾಡಿ, ನಡುವೆ ಕಾನೂನು ಪದವಿಯನ್ನೂ ಪಡೆದು, ಜಿಲ್ಲಾಡಳಿತದವರೆಗೆ ಏರಿದರು.

1876-78ರ ಬರ ಮೈಸೂರಿನ ಬೆನ್ನು ಮುರಿದಿತ್ತು. ಸುಮಾರು ಹತ್ತು ಲಕ್ಷ ಜನ ಸತ್ತರು ಅನ್ನೋದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. 1881ರಲ್ಲಿ ರಾಜ್ಯ ಒಡೆಯರ ಕೈಗೆ ಮರಳಿದಾಗ ಸಾಲವೂ ಜೊತೆಗೇ ಬಂತು. ಅದರ ಮೇಲೆ ಬ್ರಿಟಿಷರಿಗೆ ವರ್ಷಾ ವರ್ಷ ಕಪ್ಪ. ಅದು ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ ಇದ್ದದ್ದು 1896ರಿಂದ 35 ಲಕ್ಷಕ್ಕೆ ಏರಿತು. 1883ರಲ್ಲಿ ರಂಗಾಚಾರ್ಲು ತೀರಿಕೊಂಡ ಮೇಲೆ ಈ ಮನೆಯ ಲೆಕ್ಕಪುಸ್ತಕ ಶೇಷಾದ್ರಿ ಅಯ್ಯರ್ ಕೈಗೆ ಬಂತು. 1901ರವರೆಗೆ, 18 ವರ್ಷ, ಅವರೇ ದಿವಾನರು. ಅಷ್ಟು ದೀರ್ಘಕಾಲ ಮೈಸೂರಿನ ದಿವಾನರಾಗಿದ್ದವರು 1881ರ ನಂತರ ಬೇರೆ ಯಾರೂ ಇಲ್ಲ.

ಆ ಅವಧಿಯನ್ನು ನಾನು ಓದೋದು ಹೀಗೆ: ರೈತನ ಕಂದಾಯವೊಂದನ್ನೇ ನಂಬಿದ ಸಂಸ್ಥಾನ ಒಂದು ಬರಕ್ಕೆ ಕುಸಿಯುತ್ತೆ ಅನ್ನೋದನ್ನು ಅವರು ಕಣ್ಣಾರೆ ಕಂಡಿದ್ದರು. ಮಳೆ ಕೈಕೊಟ್ಟರೂ ನಿಲ್ಲದ ಆದಾಯ ಬೇಕಿತ್ತು. ರೈಲು ಹಾಕಿಸಿದರು. ಹೆಸರಘಟ್ಟದಿಂದ ಬೆಂಗಳೂರಿಗೆ ನೀರು ತಂದರು. ಮಾರಿಕಣಿವೆಯ ಅಣೆಕಟ್ಟು ಶುರುಮಾಡಿಸಿದರು. 1898ರ ಪ್ಲೇಗ್ ಕಾಲದಲ್ಲಿ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಆದರೆ ಖಜಾನೆಗೆ ನಿಜಕ್ಕೂ ಹೊಳಪು ತಂದದ್ದು ಕೋಲಾರದ ಚಿನ್ನ. ಗಣಿಗಳು ಲಂಡನ್ನಿನ ಷೇರುದಾರರವು, ನಡೆಸುತ್ತಿದ್ದದ್ದು ಜಾನ್ ಟೇಲರ್ ಅಂಡ್ ಸನ್ಸ್. ಮೈಸೂರಿಗೆ ಸಿಗುತ್ತಿದ್ದದ್ದು ತೆಗೆದ ಚಿನ್ನದ ಮೇಲೆ ಶೇ. 5ರ ರಾಯಧನ. ನೆಲ ನಮ್ಮದು, ಬೆವರು ನಮ್ಮದು, ಡಿವಿಡೆಂಡ್ ಲಂಡನ್ನಿಗೆ.

ಕೆನಡಾದ ಎಂಜಿನಿಯರ್, ಕೋಲಾರದ ಗಿರಾಕಿ

ಇಲ್ಲಿ ಕತೆಗೆ ಕೆನಡಾ ಬರುತ್ತೆ, ಗೆಳೆಯನಿಗೆ ನಾನು ಮೆಸೇಜ್ ಮಾಡಿದ್ದೂ ಇದನ್ನೇ. ಮೈಸೂರಿನ ಉಪ ಮುಖ್ಯ ಎಂಜಿನಿಯರ್ ಆಗಿದ್ದ ಎ.ಸಿ. ಜೋಲಿ ಡಿ ಲೋಟ್‌ಬಿನಿಯೆರ್ ಕೆನಡಾದವರು. ಅವರ ಅಪ್ಪ ಕ್ವಿಬೆಕ್ ಪ್ರಾಂತದ ಪ್ರಧಾನಿಯಾಗಿದ್ದವರು. ಇವರು ಕಿಂಗ್ಸ್‌ಟನ್ನಿನ ಮಿಲಿಟರಿ ಕಾಲೇಜಿನಲ್ಲಿ ಓದಿ ರಾಯಲ್ ಎಂಜಿನಿಯರ್ಸ್ ಸೇರಿದ್ದರು. ಶಿವನಸಮುದ್ರದಲ್ಲಿ ಕಾವೇರಿ ಧುಮುಕೋದನ್ನು ಕರೆಂಟು ಮಾಡಿ, ಅಲ್ಲಿಂದ 92 ಮೈಲಿ ದೂರದ ಚಿನ್ನದ ಗಣಿಗೆ ತಂತಿಯಲ್ಲಿ ಕಳಿಸಬಹುದು ಅನ್ನೋ ಯೋಜನೆ ಅವರದ್ದು.

ಎಂಜಿನಿಯರಿಂಗ್ ಓದಿದವನಾಗಿ ಹೇಳ್ತೀನಿ, ಆ ಕಾಲಕ್ಕೆ ಇದು ಹುಚ್ಚು ಸಾಹಸವೇ. ತಂತಿ ಉದ್ದವಾದಷ್ಟೂ ಕರೆಂಟ್ ದಾರಿಯಲ್ಲೇ ಶಾಖವಾಗಿ ಸೋರುತ್ತೆ. ಸೋರಿಕೆ ತಗ್ಗಬೇಕಾದರೆ ವೋಲ್ಟೇಜ್ ಏರಿಸಬೇಕು, ಅಷ್ಟು ವೋಲ್ಟೇಜನ್ನು ಅಷ್ಟು ದೂರ ಒಯ್ದ ಉದಾಹರಣೆಗಳು ಜಗತ್ತಿನಲ್ಲೇ ಬೆರಳೆಣಿಕೆಯಷ್ಟಿದ್ದವು. ದಿವಾನರು ಎಂಜಿನಿಯರನ್ನು ಯುರೋಪ್, ಅಮೆರಿಕಕ್ಕೆ ಕಳಿಸಿದರು. ಜನರೇಟರ್ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಿಂದ, ಟರ್ಬೈನ್ ಸ್ವಿಟ್ಜರ್ಲೆಂಡಿನ ಎಷರ್ ವಿಸ್‌ನಿಂದ ಬಂದವು. ಮದ್ದೂರಿನ ರೈಲು ನಿಲ್ದಾಣದಿಂದ ಮುಂದಕ್ಕೆ ಯಂತ್ರಗಳನ್ನು ಎಳೆದದ್ದು ಆನೆ, ಎತ್ತು. ಕಾಡಿನ ಮಲೇರಿಯಾ ಕೂಲಿಗಳನ್ನು ಕಾಡಿತು. ನದಿಯ ಆಚೆ ದಡ, ಇವತ್ತು ನಮ್ಮ ಚಾಮರಾಜನಗರ ಜಿಲ್ಲೆಗೆ ಸೇರಿರುವ ಕೊಳ್ಳೇಗಾಲ, ಆಗ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹಾಗಾಗಿ ಮದರಾಸನ್ನೂ ಒಪ್ಪಿಸಬೇಕಾಯ್ತು.

ದಿವಾನರ ಜಾಣ್ಮೆ ಕಾಣೋದು ಯಂತ್ರಕ್ಕಿಂತ ಒಪ್ಪಂದದಲ್ಲಿ. ಕರೆಂಟ್ ಹುಟ್ಟೋ ಮೊದಲೇ ಗಿರಾಕಿಯನ್ನು ಕಟ್ಟಿಹಾಕಿದರು. ಹತ್ತು ವರ್ಷ ಕಾಲ 4,000 ಅಶ್ವಶಕ್ತಿ ಕೊಳ್ಳುವುದಾಗಿ ಗಣಿ ಕಂಪನಿ ಬರೆದುಕೊಟ್ಟಿತು. ದರ ಮೊದಲ ವರ್ಷ ಹೆಚ್ಚು, ಆಮೇಲೆ ಹಂತಹಂತವಾಗಿ ಇಳಿಕೆ. ಹಾಕಿದ ದುಡ್ಡು ಬೇಗ ಮರಳಬೇಕು ಅನ್ನೋ ಲೆಕ್ಕ ಅದು. ತಪ್ಪಿಸಿಕೊಳ್ಳಲಾರದ ಗಿರಾಕಿ, ದೀರ್ಘ ಒಪ್ಪಂದ, ಒಮ್ಮೆ ಕಟ್ಟಿದರೆ ದಶಕಗಟ್ಟಲೆ ದುಡಿಯುವ ಆಸ್ತಿ: ಇವತ್ತು ಡಿವಿಡೆಂಡ್‌ಗಾಗಿ ವಿದ್ಯುತ್ ಕಂಪನಿ ಹುಡುಕುವವರು ನೋಡೋದು ಇವನ್ನೇ. ಒಂದೇ ವ್ಯತ್ಯಾಸ ಅಂದ್ರೆ ಇಲ್ಲಿ ಷೇರುದಾರ ಸರ್ಕಾರ. ರಾಯಧನದಲ್ಲಿ ಶೇ. 5 ಪಡೆಯುತ್ತಿದ್ದ ಮೈಸೂರು, ಅದೇ ಗಣಿಗೆ ಕರೆಂಟ್ ಮಾರಿ ಇನ್ನೊಂದು ಪಾಲು ವಸೂಲಿಗಿಳಿಯಿತು.

ಆ ಪಾಲು ಬರೋದನ್ನು ನೋಡಲು ಅವರು ಉಳಿಯಲಿಲ್ಲ. ಆರೋಗ್ಯ ಕೆಟ್ಟು 1901ರಲ್ಲಿ ಅಧಿಕಾರ ಬಿಟ್ಟರು, ಅದೇ ಸೆಪ್ಟೆಂಬರ್ 13ರಂದು ತೀರಿಕೊಂಡರು. ಕೋಲಾರಕ್ಕೆ ಕರೆಂಟ್ ಹರಿದದ್ದು 1902ರ ಜೂನ್ 30ರಂದು. ಬೆಂಗಳೂರಿನ ಬೀದಿದೀಪ ಹೊತ್ತಿದ್ದು 1905ರ ಆಗಸ್ಟ್‌ನಲ್ಲಿ.

ಹೊಗಳಿ ಮುಗಿಸೋ ಹಾಗಿಲ್ಲ

ಶೇಷಾದ್ರಿ ಅಯ್ಯರ್ ಮೇಲಿನ ದೂರುಗಳು ಸಣ್ಣವಲ್ಲ. ಮೇಲಿನ ಹುದ್ದೆಗಳನ್ನು ಮದರಾಸಿನವರಿಗೆ, ಅದರಲ್ಲೂ ಬ್ರಾಹ್ಮಣರಿಗೆ ತುಂಬಿಸಿದರು ಅನ್ನೋ ಸಿಟ್ಟು ಅವರ ಕಾಲದಲ್ಲೇ ಎದ್ದಿತ್ತು. ಮುಂದೆ 1917ರ ಪ್ರಜಾಮಿತ್ರ ಮಂಡಳಿ, 1918ರ ಮಿಲ್ಲರ್ ಸಮಿತಿವರೆಗೆ ಬೆಳೆದ ಹಿಂದುಳಿದವರ ಹೋರಾಟಕ್ಕೆ ಆ ಅಸಮತೋಲನವೇ ನೆಲ. ಕಾವೇರಿ ವಿಚಾರದಲ್ಲಿ ನಾವು ಇಂದಿಗೂ ಬೈಯುವ 1892ರ ಒಪ್ಪಂದವೂ ಅವರ ಅವಧಿಯದ್ದೇ. ಮದರಾಸಿನ ಒಪ್ಪಿಗೆಯಿಲ್ಲದೆ ಮೈಸೂರು ಹೊಸ ನೀರಾವರಿ ಕಾಮಗಾರಿ ಮಾಡದಂತೆ ಕೈ ಕಟ್ಟಿದ್ದು ಅದು. ಕಾವೇರಿಯ ಕರೆಂಟ್ ಮೊದಲು ಹೋದದ್ದು ಬ್ರಿಟಿಷ್ ಗಣಿಗೆ, ಆಮೇಲೆ ನಗರಕ್ಕೆ. ನಮ್ಮಜ್ಜಿ ಸೊಸೆಯಾಗಿ ಬೇಗೂರಿಗೆ ಬಂದಾಗ ಮನೆಯಲ್ಲಿ ಇದ್ದದ್ದು ಸೀಮೆಎಣ್ಣೆ ಬುಡ್ಡಿ.

ಹಾಗಿದ್ದರೂ ಒಂದು ವಿಷಯದಲ್ಲಿ ನಾನು ದಿವಾನರ ಪರ. ದುಡ್ಡು ಕೊಡೋ ಗಿರಾಕಿಯನ್ನು ಅವರು ಸರ್ಕಾರದ ಕೈಯಲ್ಲೇ ಇಟ್ಟುಕೊಂಡರು. ಗಣಿಯವರೇ ಜಲಪಾತದ ಹಕ್ಕು ಪಡೆದು ತಮಗೆ ಬೇಕಾದಷ್ಟು ಕರೆಂಟ್ ಮಾಡಿಕೊಂಡಿದ್ದರೆ, ತಂತಿ ಗಣಿಯ ಬಾಗಿಲಲ್ಲೇ ನಿಲ್ಲುತ್ತಿತ್ತು. ಮಾಲೀಕ ಸರ್ಕಾರವಾಗಿದ್ದರಿಂದ ಮುಂದೆ ಬಂದವರು ಅದೇ ತಂತಿಯನ್ನು ಎಳೆದು ಎಳೆದು ಕೊನೆಗೆ ಊರಿಗೂ ತರಲು ಆಯ್ತು. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಶಿವನಸಮುದ್ರದ ವಿದ್ಯುದಾಗಾರ ಇವತ್ತಿಗೂ ಸರ್ಕಾರದ ಆಸ್ತಿ, ಈಗಿನ ಸಾಮರ್ಥ್ಯ 42 ಮೆಗಾವ್ಯಾಟ್.

ಇದು ಹಳೇ ಕತೆಯಲ್ಲ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಬಿಲ್ ಇಲ್ಲ. ಆ ಖರ್ಚು ಹೊರೋದು ಸರ್ಕಾರದ ಸಹಾಯಧನ ಮತ್ತು ಹೆಚ್ಚು ದರ ಕಟ್ಟುವ ದೊಡ್ಡ ಗ್ರಾಹಕರು. 2022ರಲ್ಲಿ ಲೋಕಸಭೆಯಲ್ಲಿ ಮಂಡನೆಯಾಗಿ ಸ್ಥಾಯಿ ಸಮಿತಿಗೆ ಹೋದ ವಿದ್ಯುತ್ ತಿದ್ದುಪಡಿ ಮಸೂದೆ, ಒಂದೇ ಪ್ರದೇಶದಲ್ಲಿ ಹಲವು ಕಂಪನಿಗಳ ವಿತರಣೆಗೆ ದಾರಿ ತೆರೆಯಲು ಹೊರಟಿತ್ತು. ವಿರೋಧಿಸಿದವರ ಭಯ ಸರಳ: ಲಾಭದ ಗಿರಾಕಿಗಳು ಖಾಸಗಿಗೆ, ಬೇಗೂರಿನಂಥ ಊರುಗಳು ಸರ್ಕಾರಕ್ಕೆ. ಅಂಥ ಖಾಸಗಿ ಕಂಪನಿಯ ಡಿವಿಡೆಂಡ್ ಚೆನ್ನಾಗಿಯೇ ಇರುತ್ತೆ. ಪಂಪ್‌ಸೆಟ್ಟಿನ ಲೈನ್ ಎಳೆಯೋರು ಯಾರು?

ನೀವು ಪವರ್ ಗ್ರಿಡ್ಡೋ, ಎನ್‌ಟಿಪಿಸಿಯೋ ಕೊಳ್ಳಿ, ಬೇಡ ಅನ್ನಲ್ಲ. ನಾನೂ ಒಂದಿಷ್ಟು ಕೊಂಡಿದ್ದೀನಿ. ಆದರೆ ಕರ್ನಾಟಕ ವಿದ್ಯುತ್ ನಿಗಮದ ಷೇರು ಯಾವ ಆ್ಯಪ್‌ನಲ್ಲೂ ಸಿಗಲ್ಲ, ಅದು ಆಗಲೇ ನಮ್ಮೆಲ್ಲರದ್ದು. ಅದರ ಲಾಭಾಂಶ ಖಾತೆಗೆ ಬೀಳಲ್ಲ, ವೋಟಿನಲ್ಲಿ, ಬಜೆಟ್ ಚರ್ಚೆಯಲ್ಲಿ, ದರ ಪರಿಷ್ಕರಣೆಯ ಸಾರ್ವಜನಿಕ ವಿಚಾರಣೆಯಲ್ಲಿ ಕೇಳಿ ಪಡೀಬೇಕು. ಕೆಇಆರ್‌ಸಿ ನಡೆಸುವ ಆ ವಿಚಾರಣೆಗೆ ಯಾರು ಬೇಕಾದರೂ ಹೋಗಿ ಆಕ್ಷೇಪ ಹೇಳಬಹುದು. ನನ್ನ ಮೊದಲ ಆಕ್ಷೇಪ ರೆಡಿ ಇದೆ: ತ್ರೀ ಫೇಸ್ ಹಗಲು ಹೊತ್ತು ಕೊಡಿ.

ದೊಡ್ಡಪ್ಪ ಅವತ್ತು ತೋಟದಿಂದ ವಾಪಸ್ ಬಂದಾಗ ಬೆಳಗಿನ ಜಾವ ನಾಲ್ಕೂವರೆ.