ರೋಲಾಂಡ್ ರಾಟ್ಸೆನ್‌ಬರ್ಗರ್

ರೋಲಾಂಡ್ ರಾಟ್ಸೆನ್‌ಬರ್ಗರ್ (4 ಜುಲೈ 1960 – 30 ಏಪ್ರಿಲ್ 1994) ಆಸ್ಟ್ರಿಯಾ ದೇಶದ ಮೋಟಾರು ರೇಸಿಂಗ್ ಚಾಲಕರು. ಫಾರ್ಮುಲಾ ಫೋರ್ಡ್, ಫಾರ್ಮುಲಾ 3, ಟೂರಿಂಗ್ ಕಾರು, ಕ್ರೀಡಾ ಕಾರು ಹಾಗೂ ಫಾರ್ಮುಲಾ 3000 ವಿಭಾಗಗಳಲ್ಲಿ ಸುಮಾರು ಹತ್ತು ವರ್ಷ ಸ್ಪರ್ಧಿಸಿದ ನಂತರ ಇವರು 1994ರಲ್ಲಿ ಬ್ರಿಟನ್ನಿನ ಸಿಮ್‌ಟೆಕ್ ತಂಡದ ಮೂಲಕ ಫಾರ್ಮುಲಾ ಒನ್ ಪ್ರವೇಶಿಸಿದರು. ಅದೇ ವರ್ಷ ಇಟಲಿಯ ಇಮೋಲಾದಲ್ಲಿ ಸ್ಯಾನ್ ಮರಿನೋ ಗ್ರ್ಯಾನ್ ಪ್ರಿಯ ಅರ್ಹತಾ ಸುತ್ತಿನ ವೇಳೆ ಸಂಭವಿಸಿದ ಅಪಘಾತದಲ್ಲಿ ನಿಧನರಾದರು. ಮರುದಿನವೇ ಅಲ್ಲಿ ಬ್ರೆಜಿಲ್‌ನ ಅಯರ್ಟನ್ ಸೆನ್ನಾ ಮೃತಪಟ್ಟ ಕಾರಣ ರಾಟ್ಸೆನ್‌ಬರ್ಗರ್ ಅವರ ಹೆಸರು ಬಹುಕಾಲ ಆ ದುರಂತದ ಅಡಿಟಿಪ್ಪಣಿಯಾಗಿ ಮಾತ್ರ ಉಳಿಯಿತು. ತಂಡಕ್ಕೆ ಹಣ ತಂದು ಸ್ಥಾನ ಪಡೆದ ಚಾಲಕರ ಸಾಲಿನಲ್ಲಿಯೂ ಇವರ ಹೆಸರು ಸೇರುತ್ತದೆ. ಆದರೆ ಅದಕ್ಕೂ ಮುನ್ನ ಜಪಾನಿನಲ್ಲಿ ಇವರು ಹಲವು ವರ್ಷ ಸಂಭಾವನೆ ಪಡೆದು ಕಾರು ಓಡಿಸಿದ್ದರು.

ಆರಂಭಿಕ ಜೀವನ

ರಾಟ್ಸೆನ್‌ಬರ್ಗರ್ ಸಾಲ್ಜ್‌ಬರ್ಗ್ ನಗರದಲ್ಲಿ ಜನಿಸಿದರು. ನಗರದ ಅಂಚಿನಲ್ಲಿರುವ ಗೈಸ್‌ಬರ್ಗ್ ಗುಡ್ಡದ ರಸ್ತೆಯಲ್ಲಿ ಆ ಕಾಲದಲ್ಲಿ ಬೆಟ್ಟವೇರುವ ಕಾರು ಸ್ಪರ್ಧೆಗಳು ನಡೆಯುತ್ತಿದ್ದವು. ಆಸ್ಟ್ರಿಯಾದ ಯೋಹೆನ್ ರಿಂಟ್ 1970ರಲ್ಲಿ ಮರಣೋತ್ತರವಾಗಿ ವಿಶ್ವ ಚಾಂಪಿಯನ್ ಎನಿಸಿದಾಗ ಇವರಿಗೆ ಹತ್ತು ವರ್ಷ. ನಿಕಿ ಲೌಡಾ ಮೊದಲ ಬಾರಿಗೆ ಆ ಪಟ್ಟವನ್ನು ಗೆದ್ದಾಗ ಹದಿನೈದು. ತಾಂತ್ರಿಕ ಶಾಲೆಯಲ್ಲಿ ವ್ಯಾಸಂಗ ಮಾಡಿದ ಬಳಿಕ ಸಾಲ್ಜ್‌ಬರ್ಗ್‌ರಿಂಗ್‌ನಲ್ಲಿದ್ದ ವಾಲ್ಟರ್ ಲೆಖ್ನರ್ ಅವರ ರೇಸಿಂಗ್ ಶಾಲೆಯಲ್ಲಿ ಕೆಲಸಕ್ಕೆ ಸೇರಿದರು. ಮಗನ ಹವ್ಯಾಸಕ್ಕೆ ಕೋಟಿಗಟ್ಟಲೆ ಸುರಿಯಬಲ್ಲ ಮನೆತನ ಇವರದಾಗಿರಲಿಲ್ಲ.

ಯುರೋಪಿನ ಸ್ಪರ್ಧೆಗಳು

1983ರಲ್ಲಿ ಫಾರ್ಮುಲಾ ಫೋರ್ಡ್ ಮೂಲಕ ಸ್ಪರ್ಧಾಜೀವನ ಆರಂಭವಾಯಿತು. ರೆಕ್ಕೆಗಳಿಲ್ಲದ, ಹೆಚ್ಚು ಶಕ್ತಿಯಿಲ್ಲದ ಈ ಏಕಾಸನ ಕಾರುಗಳಲ್ಲಿ ಯಂತ್ರಕ್ಕಿಂತ ಚಾಲಕನ ಕೌಶಲವೇ ಹೆಚ್ಚು ಎದ್ದು ಕಾಣುತ್ತದೆ. 1985ರಲ್ಲಿ ಇವರು ಆಸ್ಟ್ರಿಯಾದ ಹಾಗೂ ಮಧ್ಯ ಯುರೋಪಿನ ಫಾರ್ಮುಲಾ ಫೋರ್ಡ್ ಚಾಂಪಿಯನ್‌ಷಿಪ್‌ಗಳೆರಡನ್ನೂ ಗೆದ್ದರು. ಅದೇ ವರ್ಷ ಇಂಗ್ಲೆಂಡಿನ ಬ್ರ್ಯಾಂಡ್ಸ್ ಹ್ಯಾಚ್‌ನಲ್ಲಿ ನಡೆಯುವ ಫಾರ್ಮುಲಾ ಫೋರ್ಡ್ ಫೆಸ್ಟಿವಲ್‌ನಲ್ಲಿ ಎರಡನೆಯವರಾದರು, 1986ರಲ್ಲಿ ಮರಳಿ ಬಂದು ಗೆದ್ದರು. ಹಲವು ದೇಶಗಳ ಕಿರಿಯ ಚಾಲಕರು ಸರಣಿ ಸುತ್ತುಗಳನ್ನು ದಾಟಿ ಅಂತಿಮ ಸ್ಪರ್ಧೆಗೆ ಬರಬೇಕಾದ ಈ ಕೂಟದ ವಿಜೇತರ ಮೇಲೆ ದೊಡ್ಡ ತಂಡಗಳ ಕಣ್ಣಿರುತ್ತಿತ್ತು.

ಮುಂದಿನ ಮೆಟ್ಟಿಲಾದ ಬ್ರಿಟಿಷ್ ಫಾರ್ಮುಲಾ 3ರಲ್ಲಿ ಎರಡು ವರ್ಷ ಕಳೆದರೂ ಅಂಥ ಯಶಸ್ಸು ದೊರೆಯಲಿಲ್ಲ. ಜೀವನೋಪಾಯಕ್ಕೂ ಅನುಭವಕ್ಕೂ ಟೂರಿಂಗ್ ಕಾರುಗಳು ನೆರವಾದವು. 1987ರ ವಿಶ್ವ ಟೂರಿಂಗ್ ಕಾರ್ ಚಾಂಪಿಯನ್‌ಷಿಪ್‌ನಲ್ಲಿ ಷ್ನಿಟ್ಸರ್ ತಂಡದ ಬಿಎಂಡಬ್ಲ್ಯು ಎಂ3 ಕಾರನ್ನೂ, 1988ರಲ್ಲಿ ಬ್ರಿಟಿಷ್ ಸರಣಿಯಲ್ಲಿ ಅದೇ ಮಾದರಿಯ ಕಾರನ್ನೂ ಓಡಿಸಿದರು. ಇದೇ ಅವಧಿಯಲ್ಲಿ ಬ್ರಿಟಿಷ್ ದೂರದರ್ಶನದಲ್ಲಿ ಜನಪ್ರಿಯವಾಗಿದ್ದ ರೋಲಾಂಡ್ ರ್ಯಾಟ್ ಎಂಬ ಇಲಿಗೊಂಬೆಯ ಹೆಸರಿನೊಡನೆ ಇವರ ಹೆಸರು ತಾಳೆಯಾಗಿ, ಆ ಗೊಂಬೆಯೊಂದಿಗೆ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡದ್ದೂ ಉಂಟು. ಪ್ರಾಯೋಜಕರನ್ನು ಅರಸುವ ಚಾಲಕನಿಗೆ ಇಂಥ ಪ್ರಚಾರವೂ ಬೇಡವಾಗುವುದಿಲ್ಲ. 1989ರಲ್ಲಿ ಬ್ರಿಟಿಷ್ ಫಾರ್ಮುಲಾ 3000 ಸರಣಿಯಲ್ಲಿ ಮೂರನೆಯ ಸ್ಥಾನ ಗಳಿಸಿದರು.

ಈ ವೇಳೆಗೆ ವಯಸ್ಸು ಮೂವತ್ತರ ಹತ್ತಿರ ಬಂದಿತ್ತು. ತಂಡಗಳು ಇಪ್ಪತ್ತರ ಹರೆಯದವರನ್ನೇ ಬಯಸುತ್ತಿದ್ದುದರಿಂದ ರಾಟ್ಸೆನ್‌ಬರ್ಗರ್ ತಮ್ಮ ವಯಸ್ಸಿನಲ್ಲಿ ಎರಡು ವರ್ಷ ಕಡಿಮೆ ಮಾಡಿ, 1962ರಲ್ಲಿ ಹುಟ್ಟಿದ್ದಾಗಿ ಹೇಳಿಕೊಳ್ಳುತ್ತಿದ್ದರು. ಸಾವಿನ ನಂತರವೇ ನಿಜವಾದ ವರ್ಷ ವ್ಯಾಪಕವಾಗಿ ತಿಳಿದುಬಂತು.

ಜಪಾನಿನ ವರ್ಷಗಳು

1990ರ ದಶಕದ ಆರಂಭದಲ್ಲಿ ಇವರ ವೃತ್ತಿಜೀವನ ಜಪಾನಿಗೆ ಸ್ಥಳಾಂತರಗೊಂಡಿತು. ಆರ್ಥಿಕ ಉಬ್ಬರದ ಆ ಕಾಲದಲ್ಲಿ ಜಪಾನಿನ ತಂಡಗಳ ಬಳಿ ಹಣವಿತ್ತು, ಟೈರು ಕಂಪನಿಗಳ ನಡುವೆ ಪೈಪೋಟಿಯಿತ್ತು. ಯುರೋಪಿನಲ್ಲಿ ಫಾರ್ಮುಲಾ 3000 ಕಾರು ಏರಲು ಚಾಲಕನೇ ಹಣ ಹೊಂದಿಸಬೇಕಾಗಿದ್ದರೆ, ಜಪಾನಿನಲ್ಲಿ ಅದೇ ಕಾರು ಓಡಿಸಿದವನಿಗೆ ಸಂಬಳ ಸಿಗುತ್ತಿತ್ತು. ಎಡ್ಡಿ ಇರ್ವಿನ್, ಹೈನ್ಜ್-ಹರಾಲ್ಡ್ ಫ್ರೆಂಟ್ಸೆನ್, ಮಿಕಾ ಸಾಲೊ, ಜೆಫ್ ಕ್ರಾಸ್ನಾಫ್, ಮೌರೊ ಮಾರ್ಟಿನಿ ಮೊದಲಾದವರು ಇದೇ ಕಾರಣಕ್ಕೆ ಅಲ್ಲಿ ಸೇರಿದ್ದರು. ಹಣವಿಲ್ಲದ ಆದರೆ ವೇಗವುಳ್ಳ ವಿದೇಶಿ ಚಾಲಕರ ಒಂದು ಪುಟ್ಟ ವಲಯವೇ ಅಲ್ಲಿ ರೂಪುಗೊಂಡಿತ್ತು.

ರಾಟ್ಸೆನ್‌ಬರ್ಗರ್ ಟೊಯೊಟಾ ಬೆಂಬಲದ ಸಾರ್ಡ್ ತಂಡದ ಪರವಾಗಿ ಕ್ರೀಡಾ ಕಾರುಗಳನ್ನು ಓಡಿಸಿದರು. 1992ರ ಜಪಾನ್ ಫಾರ್ಮುಲಾ 3000 ಸರಣಿಯಲ್ಲಿ ಒಂದು ಸ್ಪರ್ಧೆ ಗೆದ್ದು ಒಟ್ಟಾರೆ ಏಳನೆಯವರಾದರು. 1989ರಿಂದ 1993ರವರೆಗೆ ಪ್ರತಿ ವರ್ಷವೂ ಫ್ರಾನ್ಸಿನ ಲಾ ಮಾನ್ 24 ಗಂಟೆಗಳ ಸ್ಪರ್ಧೆಯಲ್ಲಿ ಭಾಗವಹಿಸಿದರು. 1993ರಲ್ಲಿ ಮಾರ್ಟಿನಿ ಹಾಗೂ ನವೊಕಿ ನಾಗಸಾಕಾ ಅವರೊಂದಿಗೆ ಸಾರ್ಡ್ ಟೊಯೊಟಾದಲ್ಲಿ ಒಟ್ಟಾರೆ ಐದನೆಯ ಸ್ಥಾನವನ್ನೂ ತಮ್ಮ ವರ್ಗದಲ್ಲಿ ಪ್ರಥಮ ಸ್ಥಾನವನ್ನೂ ಪಡೆದರು.

ಫಾರ್ಮುಲಾ ಒನ್ ಬಾಗಿಲಿನ ಬೆಲೆ

ಫಾರ್ಮುಲಾ ಒನ್‌ನ ಸಣ್ಣ ತಂಡಗಳು ಒಂದು ಅಥವಾ ಎರಡೂ ಸ್ಥಾನಗಳನ್ನು ಪ್ರಾಯೋಜಕರ ಹಣ ತರಬಲ್ಲ ಚಾಲಕರಿಗೆ ಕೊಡುವುದು ಹಿಂದಿನಿಂದಲೂ ಇರುವ ವಾಡಿಕೆ. ಎಂಜಿನ್, ಟೈರು, ಸಾಗಾಟ, ಸಿಬ್ಬಂದಿಯ ಸಂಬಳ ಇವೆಲ್ಲಕ್ಕೂ ಋತು ಆರಂಭವಾಗುವ ಮೊದಲೇ ಹಣ ಬೇಕು. ಗೆಲುವಿನಿಂದ ಬರುವ ಆದಾಯ ಅಂಥ ತಂಡಗಳ ಪಾಲಿಗೆ ದೂರದ ಮಾತು. ಹೀಗೆ ಬಂದವರನ್ನು ಪೇ ಡ್ರೈವರ್ ಎಂದು ಕರೆಯುತ್ತಾರೆ. ಪದದಲ್ಲಿ ತುಸು ತಾತ್ಸಾರವಿದೆ, ಆದರೆ ಅದು ಚಾಲಕನ ಪ್ರತಿಭೆಯ ಅಳತೆಗೋಲಾಗದು. ಸಿರಿವಂತ ಮನೆತನದ ವಿರೋಧ ಕಟ್ಟಿಕೊಂಡ ನಿಕಿ ಲೌಡಾ, ಜೀವವಿಮೆಯನ್ನು ಭದ್ರತೆಯಾಗಿಟ್ಟು ಬ್ಯಾಂಕ್ ಸಾಲ ತೆಗೆದು ಮಾರ್ಚ್ ತಂಡದಲ್ಲಿ ಸ್ಥಾನ ಕೊಂಡವರು. ಮುಂದೆ 1975, 1977 ಮತ್ತು 1984ರಲ್ಲಿ ವಿಶ್ವ ಚಾಂಪಿಯನ್ ಆದರು. 1991ರಲ್ಲಿ ಮೈಕೆಲ್ ಷೂಮಾಕರ್ ಜೋರ್ಡನ್ ತಂಡದ ಮೂಲಕ ಮೊದಲ ಗ್ರ್ಯಾನ್ ಪ್ರಿಗೆ ಇಳಿದಾಗ ಆ ಸ್ಥಾನಕ್ಕೆ ಮರ್ಸಿಡಿಸ್ ಸಂಸ್ಥೆ ಹಣ ಪಾವತಿಸಿತ್ತು.

ಅದೇ ಜೋರ್ಡನ್ ತಂಡದೊಂದಿಗೆ ಅದೇ 1991ನೇ ಋತುವಿಗಾಗಿ ರಾಟ್ಸೆನ್‌ಬರ್ಗರ್ ಅವರ ಮಾತುಕತೆಯೂ ಬಹುಮಟ್ಟಿಗೆ ಕುದುರಿತ್ತು. ಪ್ರಾಯೋಜಕರು ಹಿಂದೆ ಸರಿದುದರಿಂದ ಅದು ಮುರಿದುಬಿತ್ತು. ಮುಂದಿನ ಮೂರು ವರ್ಷ ಅವರು ಜಪಾನಿನಲ್ಲೇ ಉಳಿಯಬೇಕಾಯಿತು. ಇರ್ವಿನ್ 1993ರ ಕೊನೆಯಲ್ಲಿ ಜೋರ್ಡನ್‌ಗೂ ಫ್ರೆಂಟ್ಸೆನ್ 1994ರಲ್ಲಿ ಸೌಬರ್‌ಗೂ ತೆರಳಿದರು. ಇಬ್ಬರೂ ಇವರಿಗಿಂತ ಐದಾರು ವರ್ಷ ಕಿರಿಯರು.

1994ರಲ್ಲಿ ನಿಕ್ ವರ್ತ್ ನೇತೃತ್ವದ ಸಿಮ್‌ಟೆಕ್ ಎಂಬ ಹೊಸ ತಂಡ ಕಣಕ್ಕಿಳಿಯಿತು. ಫೋರ್ಡ್ ವಿ8 ಎಂಜಿನ್ನಿನ ಇದರ ಎಸ್941 ಕಾರು ಆ ಋತುವಿನ ನಿಧಾನಗತಿಯ ಕಾರುಗಳಲ್ಲೊಂದು. ಮೂರು ಬಾರಿಯ ವಿಶ್ವ ಚಾಂಪಿಯನ್ ಜ್ಯಾಕ್ ಬ್ರಾಬಮ್ ಅವರ ಪುತ್ರ ಡೇವಿಡ್ ಬ್ರಾಬಮ್ ಮುಖ್ಯ ಚಾಲಕರಾಗಿದ್ದರು. ಎರಡನೆಯ ಕಾರಿಗೆ ಹಣ ತರುವ ಚಾಲಕರು ಬೇಕಾಗಿದ್ದರು. ಮೊನಾಕೊದಲ್ಲಿ ನೆಲೆಸಿದ್ದ ಪೋಷಕಿಯೊಬ್ಬರ ನೆರವಿನಿಂದ ರಾಟ್ಸೆನ್‌ಬರ್ಗರ್ ಋತುವಿನ ಮೊದಲ ಐದು ಸ್ಪರ್ಧೆಗಳಿಗೆ ಸಾಲುವಷ್ಟು ಹಣ ಒದಗಿಸಿ ಒಪ್ಪಂದ ಮಾಡಿಕೊಂಡರು. ಆಗ ಅವರಿಗೆ 33 ವರ್ಷ. ಲೌಡಾ ಆ ವಯಸ್ಸಿಗೆ ಒಮ್ಮೆ ನಿವೃತ್ತರಾಗಿ ಮರಳಿ ಬಂದಿದ್ದರು.

1994ರ ಋತು

ಆ ವರ್ಷ 28 ಕಾರುಗಳು ನೋಂದಾಯಿಸಿದ್ದವು, ಆದರೆ ಸ್ಪರ್ಧೆಯ ಆರಂಭಕ್ಕೆ 26ಕ್ಕೆ ಮಾತ್ರ ಅವಕಾಶ. ಸಿಮ್‌ಟೆಕ್ ಮತ್ತು ಅದರಂತೆಯೇ ಹೊಸದಾದ ಪೆಸಿಫಿಕ್ ತಂಡದ ನಾಲ್ಕು ಕಾರುಗಳು ಕೊನೆಯ ಸ್ಥಾನಗಳಿಗಾಗಿ ತಮ್ಮತಮ್ಮಲ್ಲೇ ಸೆಣಸುತ್ತಿದ್ದವು. ಅರ್ಹತೆ ಪಡೆಯದಿದ್ದರೆ ಭಾನುವಾರದ ಸ್ಪರ್ಧೆಯಿಲ್ಲ. ಐದು ಸ್ಪರ್ಧೆಗಳಿಗಾಗಿ ಕೊಟ್ಟ ಹಣದಲ್ಲಿ ಒಂದು ಪಾಲು ಕರಗಿತೆಂದೇ ಅರ್ಥ. ಮಾರ್ಚ್‌ನಲ್ಲಿ ಬ್ರೆಜಿಲ್‌ನ ಇಂಟರ್‌ಲಾಗೋಸ್‌ನಲ್ಲಿ ರಾಟ್ಸೆನ್‌ಬರ್ಗರ್ ಅವರಿಗೆ ಅರ್ಹತೆ ದೊರೆಯಲಿಲ್ಲ.

ಎರಡನೆಯ ಸುತ್ತು ಜಪಾನಿನ ಐದಾ ಟ್ರ್ಯಾಕ್‌ನಲ್ಲಿ. ಅಲ್ಲಿ ಪೆಸಿಫಿಕ್ ತಂಡದ ಎರಡೂ ಕಾರುಗಳನ್ನು ಹಿಂದಿಕ್ಕಿ 26ನೆಯವರಾಗಿ ಅರ್ಹತೆ ಪಡೆದರು. ಏಪ್ರಿಲ್ 17ರ ಪೆಸಿಫಿಕ್ ಗ್ರ್ಯಾನ್ ಪ್ರಿಯಲ್ಲಿ ವಿಜೇತ ಷೂಮಾಕರ್‌ಗಿಂತ ಐದು ಸುತ್ತು ಹಿಂದಿದ್ದರೂ ಕೊನೆಯವರೆಗೂ ಓಡಿಸಿ 11ನೆಯವರಾದರು. ಅವರು ಸ್ಪರ್ಧಿಸಿದ ಏಕೈಕ ಗ್ರ್ಯಾನ್ ಪ್ರಿ ಇದು.

ಇಮೋಲಾ

ಐದರಲ್ಲಿ ಮೂರನೆಯದು ಇಮೋಲಾದ ಸ್ಯಾನ್ ಮರಿನೋ ಗ್ರ್ಯಾನ್ ಪ್ರಿ. ಶುಕ್ರವಾರ, ಏಪ್ರಿಲ್ 29ರಂದು ಜೋರ್ಡನ್ ತಂಡದ ರೂಬೆನ್ಸ್ ಬ್ಯಾರಿಕೆಲ್ಲೊ ಭೀಕರ ಅಪಘಾತಕ್ಕೀಡಾಗಿ ಪಾರಾದರು. ಶನಿವಾರದ ಅರ್ಹತಾ ಸುತ್ತಿನಲ್ಲಿ ರಾಟ್ಸೆನ್‌ಬರ್ಗರ್ ಗ್ರಿಡ್‌ನ ಕೊನೆಯ ಸ್ಥಾನಕ್ಕಾಗಿ ಪ್ರಯತ್ನಿಸುತ್ತಿದ್ದರು. ಅಕ್ವೆ ಮಿನರಾಲಿ ತಿರುವಿನಲ್ಲಿ ಅವರ ಕಾರು ಟ್ರ್ಯಾಕ್ ಬಿಟ್ಟು ಹೊರಹೋದಾಗ ಮುಂಭಾಗದ ರೆಕ್ಕೆಗೆ ಪೆಟ್ಟಾಯಿತು. ಕಾರು ಮೇಲ್ನೋಟಕ್ಕೆ ಸರಿಯಾಗಿಯೇ ಸಾಗುತ್ತಿತ್ತು. ಪಿಟ್‌ಗೆ ಮರಳದೆ ಇನ್ನೊಂದು ವೇಗದ ಸುತ್ತಿಗೆ ತೊಡಗಿದರು. ಫಾರ್ಮುಲಾ ಒನ್ ಕಾರಿನ ರೆಕ್ಕೆ ಗಾಳಿಯ ಒತ್ತಡದಿಂದ ಚಕ್ರಗಳನ್ನು ನೆಲಕ್ಕೆ ಅದುಮುತ್ತದೆ, ವೇಗ ಹೆಚ್ಚಿದಂತೆಲ್ಲ ಅದರ ಮೇಲಿನ ಹೊರೆಯೂ ಏರುತ್ತದೆ. ವಿಲ್‌ನವ್ ತಿರುವನ್ನು ಸಮೀಪಿಸುವಾಗ ರೆಕ್ಕೆ ಮುರಿದು ಕಾರಿನಡಿ ಸಿಲುಕಿತು. ಸ್ಟಿಯರಿಂಗ್ ಹಿಡಿತಕ್ಕೆ ಸಿಗದ ಕಾರು ಗಂಟೆಗೆ ಸುಮಾರು 315 ಕಿ.ಮೀ. ವೇಗದಲ್ಲಿ ಕಾಂಕ್ರೀಟ್ ಗೋಡೆಗೆ ಅಪ್ಪಳಿಸಿತು. ತಲೆಬುರುಡೆಯ ತಳಭಾಗ ಮುರಿದಿತ್ತು. ಬೊಲೊನ್ಯಾದ ಮಜ್ಜೋರೆ ಆಸ್ಪತ್ರೆಗೆ ಸಾಗಿಸಲಾದರೂ ಅವರು ಬದುಕುಳಿಯಲಿಲ್ಲ. 1982ರಲ್ಲಿ ಕೆನಡಾದಲ್ಲಿ ರಿಕಾರ್ಡೊ ಪಲೆಟ್ಟಿ ಮೃತಪಟ್ಟ ಬಳಿಕ ಗ್ರ್ಯಾನ್ ಪ್ರಿಯೊಂದರ ಅವಧಿಯಲ್ಲಿ ಸಂಭವಿಸಿದ ಮೊದಲ ಚಾಲಕನ ಸಾವು ಇದು.

ಈ ಅಪಘಾತಕ್ಕೆ ಚಾಲಕನ ಅನನುಭವವನ್ನು ಕಾರಣವಾಗಿಸುವುದು ಸರಿಯಾಗದು. ಹತ್ತು ವರ್ಷಗಳ ಅನುಭವವಿದ್ದ ಚಾಲಕನೊಬ್ಬ ರೆಕ್ಕೆ ಮುರಿದ ಮೇಲೆ ಮಾಡಬಹುದಾದದ್ದು ಏನೂ ಉಳಿದಿರಲಿಲ್ಲ.

ಅವರು ಗಳಿಸಿದ್ದ ಸಮಯ ಗ್ರಿಡ್‌ನ 26ನೆಯ ಸ್ಥಾನಕ್ಕೆ ಸಾಕಾಗಿತ್ತು. ಭಾನುವಾರ ಆ ಸ್ಥಾನವನ್ನು ಖಾಲಿ ಬಿಡಲಾಯಿತು, 25 ಕಾರುಗಳು ಹೊರಟವು. ಬ್ರಾಬಮ್ ಸಹ ತಂಡಕ್ಕಾಗಿ ಸ್ಪರ್ಧಿಸಿದರು. ಆ ದಿನ ಮೃತಪಟ್ಟ ಸೆನ್ನಾ ಅವರ ಕಾರಿನಲ್ಲಿ ಆಸ್ಟ್ರಿಯಾದ ಧ್ವಜವೊಂದು ದೊರೆಯಿತು. ಸ್ಪರ್ಧೆಯ ಬಳಿಕ ರಾಟ್ಸೆನ್‌ಬರ್ಗರ್ ಗೌರವಾರ್ಥ ಅದನ್ನು ಹಾರಿಸುವ ಇರಾದೆ ಅವರದಾಗಿತ್ತೆಂದು ಹೇಳಲಾಗುತ್ತದೆ.

ಮರಣಾನಂತರ

ಸೆನ್ನಾ ಅವರ ಅಂತ್ಯಕ್ರಿಯೆಗೆ ಸಾವೊ ಪಾಲೊದಲ್ಲಿ ರೇಸಿಂಗ್ ಜಗತ್ತಿನ ಗಣ್ಯರೆಲ್ಲ ನೆರೆದಿದ್ದರು. ಮೇ 7ರಂದು ಸಾಲ್ಜ್‌ಬರ್ಗ್‌ನಲ್ಲಿ ನಡೆದ ರಾಟ್ಸೆನ್‌ಬರ್ಗರ್ ಅಂತ್ಯಕ್ರಿಯೆಗೆ ಬಂದವರು ಬಹಳ ಕಡಿಮೆ. ಅಂತರರಾಷ್ಟ್ರೀಯ ಆಟೊಮೊಬೈಲ್ ಒಕ್ಕೂಟದ ಅಧ್ಯಕ್ಷ ಮ್ಯಾಕ್ಸ್ ಮೋಸ್ಲಿ ಎಲ್ಲರೂ ಅತ್ತ ಹೋಗಿದ್ದರೆಂಬ ಕಾರಣಕ್ಕೇ ತಾವು ಇತ್ತ ಬಂದುದಾಗಿ ಮುಂದೆ ತಿಳಿಸಿದರು. ಮುಂದಿನ ಸ್ಪರ್ಧೆಯಾದ ಮೊನಾಕೊದಲ್ಲಿ ಗ್ರಿಡ್‌ನ ಮೊದಲ ಎರಡು ಸ್ಥಾನಗಳನ್ನು ಖಾಲಿ ಬಿಟ್ಟು ಬ್ರೆಜಿಲ್ ಮತ್ತು ಆಸ್ಟ್ರಿಯಾದ ಧ್ವಜಗಳನ್ನು ನೆಲದ ಮೇಲೆ ಚಿತ್ರಿಸಲಾಗಿತ್ತು. ಗ್ರಿಡ್‌ನ ಕೊನೆಯ ಸಾಲಿನ ಚಾಲಕನಿಗೆ ಮುಂದಿನ ಸಾಲು ಹೀಗೆ ದಕ್ಕಿತು.

ಇಮೋಲಾದ ಎರಡು ಸಾವುಗಳ ಬಳಿಕ ಚಾಲಕರ ಸಂಘ ಮತ್ತೆ ಸಂಘಟಿತವಾಯಿತು. ಕಾರು ಮತ್ತು ಟ್ರ್ಯಾಕ್‌ಗಳ ನಿಯಮಗಳು ಬದಲಾದವು. ರಾಟ್ಸೆನ್‌ಬರ್ಗರ್ ಅವರಿಗಾದಂತಹ ಗಾಯವನ್ನು ತಡೆಯಲೆಂದೇ ಇರುವ, ತಲೆ ಹಾಗೂ ಕುತ್ತಿಗೆಯನ್ನು ಹಿಡಿದಿಡುವ ಹಾನ್ಸ್ ಸಾಧನ 2003ರಿಂದ ಫಾರ್ಮುಲಾ ಒನ್‌ನಲ್ಲಿ ಕಡ್ಡಾಯವಾಯಿತು. 1996ರಲ್ಲಿ ಜಾರಿಗೆ ಬಂದ ಶೇ. 107 ನಿಯಮ, ಮೊದಲ ಸ್ಥಾನದ ಸಮಯಕ್ಕಿಂತ ಶೇ. 7ಕ್ಕೂ ಹೆಚ್ಚು ನಿಧಾನವಾದವರನ್ನು ಹೊರಗಿಟ್ಟಿತು. ನಿಧಾನವಾದದ್ದು ಚಾಲಕನೋ ಅವನ ಕೈಗೆ ಸಿಕ್ಕ ಕಾರೋ ಎಂಬುದನ್ನು ಅದು ಬೇರ್ಪಡಿಸುವುದಿಲ್ಲ.

1994ರ ಲಾ ಮಾನ್‌ನಲ್ಲಿ ರಾಟ್ಸೆನ್‌ಬರ್ಗರ್ ಸಾರ್ಡ್ ಟೊಯೊಟಾ ಓಡಿಸಬೇಕಾಗಿತ್ತು. ಅವರ ಸ್ಥಾನಕ್ಕೆ ಇರ್ವಿನ್ ಬಂದರು. ಮಾರ್ಟಿನಿ ಮತ್ತು ಕ್ರಾಸ್ನಾಫ್ ಜೊತೆಗಿದ್ದ ಆ ಕಾರಿನ ಮೇಲೆ ರಾಟ್ಸೆನ್‌ಬರ್ಗರ್ ಹೆಸರನ್ನು ಹಾಗೆಯೇ ಉಳಿಸಲಾಗಿತ್ತು. ಅದು ಎರಡನೆಯ ಸ್ಥಾನ ಗಳಿಸಿತು.

ಸಿಮ್‌ಟೆಕ್‌ನ ಎರಡನೆಯ ಕಾರು ಸ್ಪೇನ್ ಗ್ರ್ಯಾನ್ ಪ್ರಿಗೆ ಆಂಡ್ರಿಯಾ ಮಾಂಟೆರ್ಮಿನಿ ಅವರ ಪಾಲಾಯಿತು. ಅಭ್ಯಾಸದ ವೇಳೆ ಅಪಘಾತದಲ್ಲಿ ಅವರ ಕಾಲಿಗೆ ಪೆಟ್ಟಾಯಿತು. ಋತು ಮುಗಿಯುವುದರೊಳಗೆ ಜ್ಯಾಂ-ಮಾರ್ಕ್ ಗೂನೊ, ಡೊಮೆನಿಕೊ ಸ್ಕಿಯಟ್ಟರೆಲ್ಲಾ ಹಾಗೂ ತಕಿ ಇನೌಯೆ ಅದೇ ಆಸನದಲ್ಲಿ ಕುಳಿತೆದ್ದರು. ಹಣದ ಮುಗ್ಗಟ್ಟಿನಿಂದ ಹೊರಬರಲಾಗದ ತಂಡ 1995ರ ಮೊನಾಕೊ ಗ್ರ್ಯಾನ್ ಪ್ರಿಯ ನಂತರ ಮುಚ್ಚಿಹೋಯಿತು.